ಬರೆದ ಸ್ವರ, ನುಡಿದ ಸ್ವರ: ವಿಯೆನ್ನಾದ ಒಂದು ವಾದ್ಯವೃಂದ ಮತ್ತು ನಮ್ಮ ಪಠ್ಯವಿಚಾರ

೧

ಪ್ರಾಚೀನ ಕೃತಿಯೊಂದರ ಅಸ್ತಿತ್ವ ಇರುವುದೆಲ್ಲಿ ಎಂಬ ಪ್ರಶ್ನೆ ಗ್ರಂಥಸಂಪಾದನೆಯಷ್ಟೇ ಹಳೆಯದು. ಓಲೆಯ ಮೇಲಿನ ಅಕ್ಷರಗಳಲ್ಲಿಯೋ, ಹಲವು ಪ್ರತಿಗಳನ್ನು ತೂಗಿ ನೋಡಿ ಸಂಪಾದಕ ನಿರ್ಣಯಿಸಿದ ಪಾಠದಲ್ಲಿಯೋ, ಅಥವಾ ಒಬ್ಬರು ಓದಿ ಹಲವರು ಕೇಳುವ ಕ್ರಿಯೆಯಲ್ಲಿಯೋ? ಕನ್ನಡ ಅಧ್ಯಯನ ವಿಭಾಗಗಳಲ್ಲಿ ಮೊದಲ ಎರಡು ನೆಲೆಗಳ ಕುರಿತು ಸಾಕಷ್ಟು ಚಿಂತನೆ ನಡೆದಿದೆ. ಮೂರನೆಯದನ್ನು ಜಾನಪದ ವಿಭಾಗಕ್ಕೋ ಗಮಕ ಸಭೆಗಳಿಗೋ ಸಂಗೀತ ಕಾಲೇಜುಗಳಿಗೋ ಬಿಟ್ಟುಕೊಟ್ಟು ನಾವು ನಿಶ್ಚಿಂತರಾಗಿದ್ದೇವೆ. ಕಾವ್ಯವನ್ನು ಸಂಪಾದಿಸುವುದು ವಿದ್ವತ್ತು, ಅದನ್ನು ದನಿಗೊಳಿಸುವುದು ಕಲೆ. ಮೊದಲನೆಯದು ಸಂಶೋಧನೆ, ಎರಡನೆಯದು ಅದರ ಪ್ರಸಾರ ಎಂಬ ವಿಭಜನೆ ನಮ್ಮಲ್ಲಿ ಪ್ರಶ್ನಾತೀತವಾಗಿ ಉಳಿದುಬಂದಿದೆ.

ಈ ವಿಭಜನೆ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ದನಿಗೊಳಿಸುವುದು ಪಠ್ಯಸಂಶೋಧನೆ ಮುಗಿದ ಮೇಲೆ ನಡೆಯುವ ಅಲಂಕರಣವಲ್ಲ. ಅದು ಸಂಶೋಧನೆಯದೇ ಒಂದು ಘಟ್ಟ. ಅಕ್ಷರಗಳಷ್ಟೇ ಕೊಡಲಾರದ ಸಾಕ್ಷ್ಯವನ್ನು ಒದಗಿಸುವ ಘಟ್ಟ. ಈ ಮಾತನ್ನು ಸಮರ್ಥಿಸಲು ನಾನು ಆರಿಸಿಕೊಂಡಿರುವ ನಿದರ್ಶನ ಕನ್ನಡದ್ದಲ್ಲ. ಯುರೋಪಿನ ಬರೋಕ್ ಹಾಗೂ ಆರಂಭಿಕ ಕ್ಲಾಸಿಕಲ್ ಯುಗದ, ಅಂದರೆ ಸ್ಥೂಲವಾಗಿ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಸಂಗೀತಕ್ಕೆ ತನ್ನನ್ನು ಮುಡಿಪಾಗಿಟ್ಟುಕೊಂಡ ವಿಯೆನ್ನಾದ ಕಿರು ವಾದ್ಯವೃಂದ 'ಕಾನ್ಸೆಂಟುಸ್ ಮೂಸಿಕುಸ್' ಈ ಚರ್ಚೆಯ ಕೇಂದ್ರ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದೊಡನೆ ಕನ್ನಡನಾಡಿಗೆ ಸಂಬಂಧವೇ ಇಲ್ಲವೆಂದಲ್ಲ. ರಷ್ಯದ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಮೈಸೂರಿನ ಜಯಚಾಮರಾಜ ಒಡೆಯರು ನೀಡಿದ ಆಶ್ರಯ ಪ್ರಸಿದ್ಧವಾದುದು. ಆದರೆ ಇಲ್ಲಿಯ ಆಸಕ್ತಿ ಪ್ರಭಾವ ಅಥವಾ ಪೋಷಣೆಯ ಚರಿತ್ರೆಯದಲ್ಲ, ವಿಧಾನದ್ದು. ಹಳೆಯ ಬರಹವೊಂದನ್ನು ಮುಂದಿಟ್ಟುಕೊಂಡು ಅದು ಹೇಗೆ ಕೇಳಿಸುತ್ತಿತ್ತು ಎಂದು ಕೇಳಿದವರು ಏನನ್ನು ಕಂಡುಕೊಂಡರು, ಎಲ್ಲಿ ಎಡವಿದರು ಎಂಬುದು ಹಳಗನ್ನಡ, ನಡುಗನ್ನಡ ಪಠ್ಯಗಳೊಡನೆ ವ್ಯವಹರಿಸುವ ನಮಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

೨

ಯೊಹಾನ್ ಸೆಬಾಸ್ಟಿಯನ್ ಬಾಖ್ ೧೭೫೦ರಲ್ಲಿ ತೀರಿಕೊಂಡ ಮೇಲೆ ಆತನ ಬಹುಪಾಲು ಕೃತಿಗಳು ಸಾರ್ವಜನಿಕ ಬಳಕೆಯಿಂದ ಮರೆಯಾದವು. ೧೮೨೯ರಲ್ಲಿ ಮೆಂಡೆಲ್‌ಸನ್ ಬರ್ಲಿನ್‌ನಲ್ಲಿ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಕೃತಿಯನ್ನು ಪ್ರಯೋಗಿಸಿದ್ದು ಬಾಖ್ ಪುನರುತ್ಥಾನದ ಆರಂಭವೆಂದು ಪರಿಗಣಿತವಾಗಿದೆ. ಆದರೆ ಮೆಂಡೆಲ್‌ಸನ್ ಅನೇಕ ಭಾಗಗಳನ್ನು ಕೈಬಿಟ್ಟಿದ್ದ. ಬಳಕೆ ತಪ್ಪಿದ್ದ ಕೆಲವು ವಾದ್ಯಗಳ ಜಾಗದಲ್ಲಿ ತನ್ನ ಕಾಲದ ಕ್ಲಾರಿನೆಟ್‌ಗಳನ್ನು ತಂದಿದ್ದ. ಬಾಖ್‌ನ ಊಹೆಗೂ ನಿಲುಕದಷ್ಟು ದೊಡ್ಡ ಗಾಯಕಮೇಳವನ್ನು ನಿಲ್ಲಿಸಿದ್ದ. ಮುಂದೆ ಬಾಖ್ ಸೊಸೈಟಿ ೧೮೫೧ರಿಂದ ೧೮೯೯ರ ವರೆಗೆ ಸಮಗ್ರ ಕೃತಿಗಳ ಸಂಪುಟಗಳನ್ನು ಹೊರತಂದಿತು. ಹೀಗೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಸ್ಥಿತಿ ನಿರ್ಮಾಣವಾಗಿತ್ತು. ಪಠ್ಯವು ವಿದ್ವತ್ಪೂರ್ಣವಾಗಿ ಸಂಪಾದಿತವಾಗಿತ್ತು. ಅದನ್ನು ನುಡಿಸುವ ಕ್ರಮ ಮಾತ್ರ ಸಂಪೂರ್ಣವಾಗಿ ಆ ಶತಮಾನದ್ದಾಗಿತ್ತು. ಮುದ್ರಿತ ಪುಟದಲ್ಲಿ ಬಾಖ್, ಕಿವಿಯಲ್ಲಿ ಬ್ರಾಮ್ಸ್ ಎನ್ನಬಹುದಾದ ಸ್ಥಿತಿ ಅದು.

ಈ ಅಂತರವನ್ನು ಗುರುತಿಸಿದವರಲ್ಲಿ ವಿಯೆನ್ನಾದವರು ಮೊದಲಿಗರೇನಲ್ಲ. ಆರ್ನಾಲ್ಡ್ ಡಾಲ್ಮೆಚ್ ೧೯೧೫ರಲ್ಲಿಯೇ ಹದಿನೇಳು, ಹದಿನೆಂಟನೆಯ ಶತಮಾನಗಳ ವಾದನಕ್ರಮವನ್ನು ಕುರಿತು ಗ್ರಂಥ ಪ್ರಕಟಿಸಿದ್ದರು. ೧೯೩೩ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪ್ರಾಚೀನ ಸಂಗೀತದ ಅಧ್ಯಯನ ಹಾಗೂ ಶಿಕ್ಷಣಕ್ಕೆಂದೇ 'ಸ್ಕೋಲಾ ಕಾಂಟೋರುಮ್' ಎಂಬ ಸಂಸ್ಥೆ ಪ್ರಾರಂಭವಾಗಿತ್ತು. ಆದರೆ ಈ ಚಿಂತನೆಯನ್ನು ದೀರ್ಘಕಾಲದ ಸಾಮೂಹಿಕ ಅಭ್ಯಾಸವನ್ನಾಗಿ ಪರಿವರ್ತಿಸಿದವರಲ್ಲಿ ನಿಕೊಲಾಸ್ ಹಾರ್ನೊನ್‌ಕೂರ್ ಪ್ರಮುಖರು. ೧೯೫೨ರಲ್ಲಿ ವಿಯೆನ್ನಾ ಸಿಂಫನಿ ಎಂಬ ದೊಡ್ಡ ವಾದ್ಯವೃಂದದಲ್ಲಿ ಚೆಲ್ಲೊ ವಾದಕರಾಗಿ ಸೇರಿದ ಅವರು ೧೯೬೯ರ ವರೆಗೂ ಆ ಉದ್ಯೋಗದಲ್ಲಿದ್ದರು. ೧೯೫೩ರಲ್ಲಿ ಪತ್ನಿ, ಪಿಟೀಲು ವಾದಕಿ ಆಲಿಸ್ ಹಾಗೂ ಕೆಲವು ಸಹೋದ್ಯೋಗಿಗಳೊಡನೆ ಕಾನ್ಸೆಂಟುಸ್ ಮೂಸಿಕುಸ್ ಸ್ಥಾಪಿಸಿದರು. ವೃಂದದ ಮೊದಲ ಸಾರ್ವಜನಿಕ ಕಚೇರಿ ನಡೆದುದು ೧೯೫೭ರಲ್ಲಿ. ನಡುವಣ ನಾಲ್ಕು ವರ್ಷ ಅವರು ಮನೆಯಲ್ಲಿ ಕುಳಿತು ಹಳೆಯ ವಾದ್ಯಗಳನ್ನು ಸಂಗ್ರಹಿಸಿ, ಅವುಗಳ ಮೇಲೆ ಕೈ ಪಳಗಿಸಿಕೊಂಡು, ಆ ಕಾಲದ ಶಾಸ್ತ್ರಗ್ರಂಥಗಳನ್ನು ಓದಿ, ಓದಿದ್ದನ್ನು ನುಡಿಸಿ ಪರೀಕ್ಷಿಸಿದರು. ಯಾವ ವಿಶ್ವವಿದ್ಯಾಲಯದ ಯೋಜನೆಯೂ ಅಲ್ಲದ ಈ ನಾಲ್ಕು ವರ್ಷಗಳ ಅಜ್ಞಾತವಾಸವನ್ನು ನಾನು ಒಂದು ಸಂಶೋಧನಾ ಯೋಜನೆಯೆಂದೇ ಕರೆಯಬಯಸುತ್ತೇನೆ.

೩

ಹಳೆಯ ವಾದ್ಯ ಏಕೆ ಬೇಕು? ಸ್ವರ ಸ್ವರವೇ ಅಲ್ಲವೇ? ಈ ಪ್ರಶ್ನೆಗೆ ಉತ್ತರ ವಾದ್ಯಗಳ ಚರಿತ್ರೆಯಲ್ಲಿದೆ. ೧೭೩೭ರಲ್ಲಿ ನಿಧನನಾದ ಸ್ಟ್ರಾಡಿವರಿ ನಿರ್ಮಿಸಿದ ಪಿಟೀಲುಗಳು ಇಂದಿಗೂ ಪೂಜ್ಯವಾಗಿವೆ. ಆದರೆ ಅವುಗಳಲ್ಲಿ ಬಹುತೇಕ ಎಲ್ಲವನ್ನೂ ನಂತರದ ತಲೆಮಾರುಗಳು ಬಿಚ್ಚಿ, ಕೊರಳನ್ನು ಉದ್ದಗೊಳಿಸಿ ಹಿಂದಕ್ಕೆ ಬಾಗಿಸಿ, ಒಳಗಿನ ಆಧಾರಪಟ್ಟಿಯನ್ನು ಬಲಪಡಿಸಿ ಮರುಜೋಡಿಸಿವೆ. ದೊಡ್ಡ ಸಭಾಂಗಣಕ್ಕೆ ಬೇಕಾದ ಜೋರು ದನಿಗಾಗಿ ಮಾಡಿದ ಮಾರ್ಪಾಡುಗಳಿವು. ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳ ಜಾಗಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ತಂತಿಗಳು ಬಂದವು. ಇಂದು ಬಳಕೆಯಲ್ಲಿರುವ, ಒಳಕ್ಕೆ ಬಾಗಿದ ಕಮಾನು ರೂಪುಗೊಂಡುದು ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ, ಫ್ರಾನ್ಸಿನ ಟುರ್ಟ್‌ನ ಕೈಯಲ್ಲಿ. ಆಧಾರ ಶ್ರುತಿಯೂ ಬದಲಾಗಿದೆ. ಇಂದಿನ ಅಂತಾರಾಷ್ಟ್ರೀಯ ವಾಡಿಕೆಯಲ್ಲಿ 'ಎ' ಸ್ವರದ ಕಂಪನಾಂಕ ಸೆಕೆಂಡಿಗೆ ೪೪೦. ಬರೋಕ್ ವೃಂದಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ೪೧೫. ಲಿಪಿಕಾರ ತನಗೆ ತಿಳಿಯದ ಹಳೆಯ ರೂಪವನ್ನು ತನ್ನ ಕಾಲದ ರೂಪಕ್ಕೆ ತಿದ್ದಿ ಬರೆಯುವುದನ್ನು ನಾವು ಬಲ್ಲೆವು. ವಾದ್ಯಗಳ ವಿಷಯದಲ್ಲಿ ನಡೆದುದೂ ಅದೇ. ಮೂಲ ವಸ್ತುವೇ ಉಳಿದಿದೆ ಎಂದು ನಾವು ನಂಬಿದ ಕಡೆಯಲ್ಲಿ ತಿದ್ದಿದ ಪ್ರತಿ ಉಳಿದಿರುತ್ತದೆ.

ಈ ವ್ಯತ್ಯಾಸಗಳು ಕೇವಲ ನಾದದ ರುಚಿಗೆ ಸಂಬಂಧಿಸಿದವಲ್ಲ, ಅರ್ಥಕ್ಕೆ ಸಂಬಂಧಿಸಿದವು. ಬಾಖ್ ೧೭೨೧ರಲ್ಲಿ ಬ್ರಾಂಡೆನ್‌ಬುರ್ಗಿನ ಅರಸುಮನೆತನದವನೊಬ್ಬನಿಗೆ ಅರ್ಪಿಸಿದ ಆರು ಕಾನ್ಸರ್ಟೊಗಳಲ್ಲಿ ಎರಡನೆಯದನ್ನು ನೋಡಬಹುದು. ಅದರಲ್ಲಿ ತುತ್ತೂರಿ, ರೆಕಾರ್ಡರ್ ಎಂಬ ಮರದ ಕೊಳಲು, ಓಬೊ ಮತ್ತು ಪಿಟೀಲು ಈ ನಾಲ್ಕು ವಾದ್ಯಗಳು ಸಮಾನಸ್ಕಂಧರಾಗಿ ಸಂಭಾಷಿಸಬೇಕು. ಆಧುನಿಕ ತುತ್ತೂರಿಯ ಪಕ್ಕದಲ್ಲಿ ಮರದ ಕೊಳಲು ಕೇಳಿಸುವುದೇ ಕಷ್ಟ. ಆದ್ದರಿಂದ ಈ ಆಯ್ಕೆಯೇ ರಚನಕಾರನ ಅಚಾತುರ್ಯದಂತೆ ತೋರುತ್ತಿತ್ತು. ಆ ಕಾಲದ ಉದ್ದನೆಯ, ಕವಾಟಗಳಿಲ್ಲದ ತುತ್ತೂರಿಯನ್ನೂ ಕರುಳಿನ ತಂತಿಯ ಪಿಟೀಲನ್ನೂ ತಂದಾಗ ನಾಲ್ಕೂ ದನಿಗಳು ಪರಸ್ಪರ ಹೊಂದಿಕೊಂಡವು. ಕಾನ್ಸೆಂಟುಸ್ ಮೂಸಿಕುಸ್ ೧೯೬೪ರಲ್ಲಿ ಈ ಆರು ಕೃತಿಗಳನ್ನು ಹಳೆಯ ವಾದ್ಯಗಳಲ್ಲಿ ಧ್ವನಿಮುದ್ರಿಸಿದಾಗ ಸ್ಪಷ್ಟವಾದುದು ಇದು: ದೋಷವೆಂದು ಭಾವಿಸಿದ್ದು ಪಠ್ಯದಲ್ಲಿರಲಿಲ್ಲ, ಓದಿನಲ್ಲಿತ್ತು.

ಕಮಾನಿನ ವಿಷಯ ಇನ್ನೂ ಸೂಕ್ಷ್ಮ. ಹೊರಕ್ಕೆ ಬಾಗಿದ ಹಳೆಯ ಕಮಾನು ಹಿಡಿಯ ಬಳಿ ಭಾರ, ತುದಿಯಲ್ಲಿ ಹಗುರ. ಅದರಿಂದ ಎಳೆದ ಪ್ರತಿಯೊಂದು ಸ್ವರವೂ ಹುಟ್ಟಿ, ಬೆಳೆದು, ಕ್ಷೀಣಿಸಿ ಮುಂದಿನದಕ್ಕೆ ಎಡೆಮಾಡಿಕೊಡುತ್ತದೆ. ಕೆಳಗೆಳೆತ ಒತ್ತುಳ್ಳದ್ದು, ಮೇಲೆಳೆತ ಒತ್ತಿಲ್ಲದ್ದು. ಬರೋಕ್ ಸಿದ್ಧಾಂತಕಾರರು ಒಂದು ಆವರ್ತದೊಳಗಿನ ಸ್ವರಗಳನ್ನು 'ಒಳ್ಳೆಯ' ಮತ್ತು 'ಕೆಟ್ಟ' ಸ್ವರಗಳೆಂದು ವಿಂಗಡಿಸುತ್ತಿದ್ದುದು ಗುಣದೋಷದ ಮಾತಾಗಿರಲಿಲ್ಲ. ಮಾತಿನಲ್ಲಿ ಒತ್ತುಳ್ಳ ಮತ್ತು ಒತ್ತಿಲ್ಲದ ಅಕ್ಷರಗಳಿದ್ದಂತೆ ಅದು. ೧೭೩೯ರಲ್ಲಿ ಮಾಟೆಸನ್ ಎಂಬ ಶಾಸ್ತ್ರಕಾರ ಸಂಗೀತವನ್ನು 'ನಾದದ ಭಾಷಣ' ಎಂಬರ್ಥದ ಪದದಿಂದ ಕರೆದಿದ್ದ. ಹಾರ್ನೊನ್‌ಕೂರ್ ೧೯೮೨ರಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧಸಂಕಲನಕ್ಕೆ ಇದೇ ಪರಿಕಲ್ಪನೆಯನ್ನು ಶೀರ್ಷಿಕೆಯಾಗಿಸಿಕೊಂಡರು. ಬರೋಕ್ ಸಂಗೀತ ಬಣ್ಣ ಬಳಿಯುವುದಿಲ್ಲ, ಮಾತನಾಡುತ್ತದೆ ಎಂಬುದು ಅವರ ಚಿಂತನೆಯ ತಿರುಳು.

೪

ಸ್ವರಲಿಪಿ ಎಷ್ಟನ್ನು ಬರೆಯುತ್ತದೆ, ಎಷ್ಟನ್ನು ಬಿಡುತ್ತದೆ ಎಂಬ ಪ್ರಶ್ನೆ ಇಲ್ಲಿ ನಿರ್ಣಾಯಕವಾಗುತ್ತದೆ. ಬರೋಕ್ ಹಸ್ತಪ್ರತಿಗಳಲ್ಲಿ ಮಂದ್ರದ ಸ್ವರಪಂಕ್ತಿಯ ಮೇಲೆ ಕೆಲವು ಅಂಕಿಗಳಷ್ಟೇ ಇರುತ್ತವೆ. ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ವಾದಕ ಆ ಅಂಕಿಗಳನ್ನು ನೋಡಿ ಮೇಲಿನ ಸ್ವರಸಮೂಹವನ್ನು ತಾನೇ ಕಟ್ಟಿ ತುಂಬಬೇಕು. ನಿಧಾನಗತಿಯ ಭಾಗಗಳಲ್ಲಿ ಬರೆದಿರುವುದು ಅಸ್ಥಿಪಂಜರ ಮಾತ್ರ. ಅಲಂಕಾರಗಳನ್ನು ನುಡಿಸುವವನು ಸೇರಿಸಬೇಕು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಸಮಾನ ಕಾಲಾವಧಿಯವೆಂದು ಬರೆದ ಸ್ವರಗಳನ್ನು ದೀರ್ಘ-ಹ್ರಸ್ವವಾಗಿ ನುಡಿಸುವ ವಾಡಿಕೆಯಿತ್ತು. ತಾವು ಬರೆಯುವುದೊಂದು, ನುಡಿಸುವುದು ಇನ್ನೊಂದು, ಹಾಗಾಗಿಯೇ ಪರದೇಶದವರು ತಮ್ಮ ಸಂಗೀತವನ್ನು ಸರಿಯಾಗಿ ನುಡಿಸಲಾರರು ಎಂಬರ್ಥದ ಮಾತನ್ನು ಕೂಪ್ರ್ಯಾಂ ೧೭೧೬ರ ತನ್ನ ಗ್ರಂಥದಲ್ಲಿ ಆಡಿದ್ದಾನೆ. ಈ ಅಲಿಖಿತ ಭಾಗವನ್ನು ಮರಳಿ ಪಡೆಯಲು ಕಾನ್ಸೆಂಟುಸ್ ಮೂಸಿಕುಸ್‌ನಂತಹ ವೃಂದಗಳು ಆಧರಿಸಿದ್ದು ಆ ಕಾಲದ ಶಿಕ್ಷಣಗ್ರಂಥಗಳನ್ನು. ಕೊಳಲನ್ನು ಕುರಿತ ಕ್ವಾಂಟ್ಸ್‌ನ ಗ್ರಂಥ (೧೭೫೨), ಕೀಲಿಮಣೆ ವಾದ್ಯಗಳನ್ನು ಕುರಿತ ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಬಾಖ್‌ನ ಗ್ರಂಥ (೧೭೫೩), ಪಿಟೀಲನ್ನು ಕುರಿತ ಲಿಯೊಪೋಲ್ಡ್ ಮೊಟ್ಸಾರ್ಟ್‌ನ ಗ್ರಂಥ (೧೭೫೬) ಇವುಗಳಲ್ಲಿ ಮುಖ್ಯವಾದವು.

ಕನ್ನಡ ಛಂದಸ್ಸಿನ ವಿದ್ಯಾರ್ಥಿಗೆ ಈ ಸಂಗತಿ ಅಪರಿಚಿತವೆನಿಸಬಾರದು. ನಮ್ಮ ಅಂಶಗಣದ ಮಟ್ಟುಗಳಲ್ಲಿ ವಿಷ್ಣುಗಣವೊಂದನ್ನು ಲಘುಗುರುಗಳಲ್ಲಿ ಎಣಿಸಿದರೆ ನಾಲ್ಕರಿಂದ ಆರು ಮಾತ್ರೆಗಳ ವರೆಗೆ ವ್ಯತ್ಯಾಸ ಬರುತ್ತದೆ. ಕಾಗದದ ಮೇಲೆ ಅಸಮವಾದ ಈ ಗಣಗಳು ಹಾಡಿನ ಕರ್ಷಣದಲ್ಲಿ ಸಮಕಾಲಕ್ಕೆ ಬರುತ್ತವೆ. ಫ್ರೆಂಚರದು ಸಮವಾಗಿ ಬರೆದು ಅಸಮವಾಗಿ ನುಡಿಸುವ ಕ್ರಮ. ತ್ರಿಪದಿ ಸಾಂಗತ್ಯಗಳದು ಅಸಮವಾಗಿ ಬರೆದು ಸಮವಾಗಿ ಹಾಡುವ ಕ್ರಮ. ಎರಡರಲ್ಲಿಯೂ ಕಾಲದ ಸತ್ಯ ಇರುವುದು ಬರಹದ ಹೊರಗೆ. ಹಾಗೆಯೇ ಕೇಶಿರಾಜಾದಿಗಳು ವಿವರಿಸಿರುವ ಶಿಥಿಲದ್ವಿತ್ವವನ್ನು ನೆನೆಯಬಹುದು. 'ಅಮರ್ದು', 'ಬೆಮರ್ದು' ಮುಂತಾದೆಡೆ ಒತ್ತಕ್ಷರದ ಹಿಂದಿನ ಅಕ್ಷರ ಬರಹದ ನಿಯಮದಂತೆ ಗುರು. ತೇಲಿಸಿ ನುಡಿದಾಗ ಲಘು. ಲಿಪಿ ಹೇಳಲಾರದ ಉಚ್ಚಾರಣೆಯ ಸಂಗತಿಯನ್ನು ನಮ್ಮ ಲಾಕ್ಷಣಿಕರು ಶಾಸ್ತ್ರದಲ್ಲಿ ದಾಖಲಿಸಿಟ್ಟರು. ಕ್ವಾಂಟ್ಸ್ ಮತ್ತು ಲಿಯೊಪೋಲ್ಡ್ ಮೊಟ್ಸಾರ್ಟ್ ಮಾಡಿದ್ದೂ ಇದೇ ಸ್ವರೂಪದ ಕೆಲಸ. ವ್ಯತ್ಯಾಸವಿರುವುದು ಆ ಶಾಸ್ತ್ರವನ್ನು ಬಳಸುವ ಬಗೆಯಲ್ಲಿ. ಅವರು ಅದನ್ನು ಓದಿ ನುಡಿಸಿದರು. ನಾವು ಅದನ್ನು ಓದಿ ಪ್ರಸ್ತಾರ ಹಾಕುತ್ತೇವೆ.

೫

ವಾದ್ಯವೃಂದದ ಚರಿತ್ರೆ ಹಸ್ತಪ್ರತಿಶಾಸ್ತ್ರದ ಚರಿತ್ರೆಯೊಡನೆ ಹೆಣೆದುಕೊಂಡೇ ಸಾಗಿದೆ. ಕಾನ್ಸೆಂಟುಸ್ ಮೂಸಿಕುಸ್ ಸ್ಥಾಪನೆಯಾದ ಮರುವರ್ಷ, ಅಂದರೆ ೧೯೫೪ರಲ್ಲಿ, ಬಾಖ್ ಕೃತಿಗಳ ಹೊಸ ಸಮಗ್ರ ಆವೃತ್ತಿಯ ಪ್ರಕಟಣೆ ಆರಂಭವಾಯಿತು. ಅದು ಪೂರ್ಣಗೊಂಡದ್ದು ೨೦೦೭ರಲ್ಲಿ. ಆಲ್ಫ್ರೆಡ್ ಡ್ಯೂರ್ ಮತ್ತು ಗೇಯಾರ್ಗ್ ಫಾನ್ ಡಾಡೆಲ್‌ಸನ್ ಎಂಬ ವಿದ್ವಾಂಸರು ೧೯೫೭-೫೮ರಲ್ಲಿ ಕಾಗದದ ನೀರಚ್ಚುಗಳನ್ನೂ ಲಿಪಿಕಾರರ ಕೈಬರಹಗಳನ್ನೂ ಪರಿಶೀಲಿಸಿ ಬಾಖ್‌ನ ಚರ್ಚ್ ಗೀತಪ್ರಬಂಧಗಳ, ಅಂದರೆ ಕ್ಯಾಂಟಾಟಾಗಳ ಕಾಲಾನುಕ್ರಮವನ್ನೇ ಬದಲಾಯಿಸಿದರು. ಜೀವಮಾನವಿಡೀ ಹರಡಿಕೊಂಡಿದ್ದವೆಂದು ತಿಳಿದಿದ್ದ ಲೈಪ್‌ಸಿಗ್ ಕೃತಿಗಳಲ್ಲಿ ಬಹುಪಾಲು ೧೭೨೩ರಿಂದ ಮೊದಲ ಕೆಲವೇ ವರ್ಷಗಳಲ್ಲಿ ರಚಿತವಾದವೆಂದು ಸಿದ್ಧವಾಯಿತು. ಬಾಖ್ ಇಂತಹ ಕೃತಿಗಳ ಐದು ವರ್ಷಚಕ್ರಗಳನ್ನು ರಚಿಸಿದ್ದನೆಂದು ಆತನ ಮರಣಾನಂತರದ ಚರಮಲೇಖ ಹೇಳುತ್ತದೆ. ಉಳಿದಿರುವುದು ಸುಮಾರು ಇನ್ನೂರು. ಮಕ್ಕಳ ನಡುವೆ ಪಾಲಾಗಿ, ಮಾರಾಟವಾಗಿ, ಚದುರಿ ಹೋದ ಹಸ್ತಪ್ರತಿಗಳ ಈ ಕಥೆ ನಮ್ಮ ಓಲೆಗರಿಗಳ ಕಥೆಗಿಂತ ಬೇರೆಯಲ್ಲ.

ಉಳಿದ ಈ ಕೃತಿಗಳೆಲ್ಲವನ್ನೂ ಹಾರ್ನೊನ್‌ಕೂರ್ ಅವರ ವೃಂದವೂ ಹಾಲೆಂಡಿನ ಗುಸ್ಟಾಫ್ ಲಿಯೊನ್‌ಹಾರ್ಟ್ ಅವರ ವೃಂದವೂ ಹಂಚಿಕೊಂಡು ೧೯೭೧ರಿಂದ ೧೯೮೯ರ ವರೆಗೆ ಧ್ವನಿಮುದ್ರಿಸಿದವು. ಆ ಧ್ವನಿಮುದ್ರಿಕೆಗಳ ಪೆಟ್ಟಿಗೆಯಲ್ಲಿ ತಟ್ಟೆಗಳ ಜೊತೆಗೆ ಕೃತಿಯ ಸ್ವರಲಿಪಿಯನ್ನೂ ಇಟ್ಟು ಕೊಡಲಾಗುತ್ತಿತ್ತು. ಈ ಸಣ್ಣ ವಿವರಕ್ಕೆ ದೊಡ್ಡ ಅರ್ಥವಿದೆ. ಕೇಳುವವನು ಓದುತ್ತ ಕೇಳಬಹುದಿತ್ತು. ಎಲ್ಲಿ ಪಠ್ಯ ಮುಗಿದು ವ್ಯಾಖ್ಯಾನ ಆರಂಭವಾಗುತ್ತದೆಂದು ತಾನೇ ಪರೀಕ್ಷಿಸಬಹುದಿತ್ತು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಕನ ಪ್ರಾಮಾಣಿಕತೆಗೆ ಸಮಾನವಾದ ನಡೆ ಇದು.

ಪ್ರಯೋಗದ ತಿಳಿವಳಿಕೆ ಪಠ್ಯಸಮಸ್ಯೆಯನ್ನು ಬಿಡಿಸುತ್ತದೆ ಎಂಬುದಕ್ಕೆ ಲೈಪ್‌ಸಿಗ್ ಹಸ್ತಪ್ರತಿಗಳಲ್ಲಿಯೇ ಸೊಗಸಾದ ನಿದರ್ಶನವಿದೆ. ಅಲ್ಲಿಯ ಆರ್ಗನ್ ವಾದಕನ ಪ್ರತಿ ಉಳಿದ ವಾದಕರ ಪ್ರತಿಗಳಿಗಿಂತ ಒಂದು ಪೂರ್ಣಸ್ವರ ಕೆಳಗಿನ ಶ್ರುತಿಯಲ್ಲಿ ಬರೆದಿರುತ್ತದೆ. ಪ್ರತಿಗಳನ್ನು ಮಾತ್ರ ಹೋಲಿಸುವವನಿಗೆ ಇದು ಲಿಪಿಕಾರನ ಸ್ಖಾಲಿತ್ಯವಾಗಿ ಕಾಣಬಹುದು. ಆದರೆ ಚರ್ಚಿನ ಆರ್ಗನ್ ಉಳಿದ ವಾದ್ಯಗಳಿಗಿಂತ ಒಂದು ಸ್ವರ ಮೇಲಿನ ಶ್ರುತಿಯಲ್ಲಿತ್ತು. ಆದ್ದರಿಂದಲೇ ಅದರ ಪ್ರತಿಯನ್ನು ಕೆಳಗಿಳಿಸಿ ಬರೆಯುತ್ತಿದ್ದರು. ಪುಟದ ಮೇಲೆ ಭಿನ್ನ, ನಾದದಲ್ಲಿ ಒಂದೇ.

ಹಾಗೆಂದು ಪ್ರಯೋಗ ಎಲ್ಲ ವಿವಾದಗಳನ್ನೂ ಪರಿಹರಿಸಿತೆಂದು ಹೇಳುವಂತಿಲ್ಲ. ಬಾಖ್ ೧೭೩೦ರಲ್ಲಿ ಲೈಪ್‌ಸಿಗ್ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಗಾಯಕವೃಂದವೊಂದಕ್ಕೆ ಕನಿಷ್ಠ ಹನ್ನೆರಡು, ಹದಿನಾರಾದರೆ ಇನ್ನೂ ಉತ್ತಮ ಎಂದು ಕೇಳಿದ್ದಾನೆ. ಇದು ಪ್ರಯೋಗವೊಂದರಲ್ಲಿ ಹಾಡುವವರ ಸಂಖ್ಯೆಯೆಂದು ಬಹುಕಾಲ ಅರ್ಥೈಸಲಾಗಿತ್ತು. ೧೯೮೧ರಲ್ಲಿ ಅಮೆರಿಕದ ಜೋಶುವಾ ರಿಫ್‌ಕಿನ್, ಉಳಿದಿರುವ ಗಾಯನ ಪ್ರತಿಗಳು ಸಾಮಾನ್ಯವಾಗಿ ದನಿಗೊಂದರಂತೆ ಮಾತ್ರ ಇವೆ, ಮನವಿಯಲ್ಲಿರುವುದು ಲಭ್ಯವಿರಬೇಕಾದ ಗಾಯಕರ ಒಟ್ಟು ಸಂಖ್ಯೆ, ಪ್ರತಿ ದನಿಗೆ ಹಾಡುತ್ತಿದ್ದವನು ಒಬ್ಬನೇ ಎಂದು ವಾದಿಸಿದರು. ಮರುವರ್ಷ 'ಬಿ ಮೈನರ್ ಮಾಸ್' ಕೃತಿಯನ್ನು ಹಾಗೆಯೇ ಧ್ವನಿಮುದ್ರಿಸಿ ತೋರಿಸಿದರು. ಹಾರ್ನೊನ್‌ಕೂರ್ ಗಾಯಕವೃಂದವನ್ನೇ ಉಳಿಸಿಕೊಂಡರು. ಆರಂಭಿಕ ಕ್ಲಾಸಿಕಲ್ ಸಂಗೀತದಲ್ಲಿಯೂ ಇಂತಹ ವಿವಾದಗಳಿವೆ. ೧೭೬೧ರಲ್ಲಿ ಎಸ್ಟರ್‌ಹಾಜಿ ಅರಮನೆಯ ಸೇವೆಗೆ ಸೇರಿದ ಹೈಡನ್ ರಚಿಸಿದ 'ಬೆಳಗು', 'ಮಧ್ಯಾಹ್ನ', 'ಸಂಜೆ' ಎಂಬ ಹೆಸರಿನ ಸಿಂಫನಿಗಳನ್ನು ಕಾನ್ಸೆಂಟುಸ್ ಮೂಸಿಕುಸ್ ಧ್ವನಿಮುದ್ರಿಸಿದೆ. ಹೈಡನ್‌ನ ಸಿಂಫನಿಗಳಲ್ಲಿ ಹಾರ್ಪ್ಸಿಕಾರ್ಡ್ ಇತ್ತೇ ಎಂಬ ಪ್ರಶ್ನೆಗೆ ಸ್ವರಲಿಪಿ ಮೌನ. ಬರೆಯದಿರುವುದು ವಾಡಿಕೆಯ ಸೂಚನೆಯೆಂದು ಕೆಲವರು ಭಾವಿಸಿದರೆ, ಇರಲೇ ಇಲ್ಲವೆಂದು ೧೯೯೦ರಲ್ಲಿ ಜೇಮ್ಸ್ ವೆಬ್‌ಸ್ಟರ್ ವಾದಿಸಿದರು. ಮೌನವನ್ನು ಸಾಕ್ಷ್ಯವಾಗಿ ಬಳಸುವ ಕಷ್ಟ ನಮ್ಮ ಕವಿಕಾಲವಿಚಾರದ ಓದುಗರಿಗೆ ಚೆನ್ನಾಗಿಯೇ ಗೊತ್ತು. ಇಲ್ಲಿ ಗಮನಿಸಬೇಕಾದುದೆಂದರೆ, ಈ ವಾದಗಳು ಲೇಖನಗಳಲ್ಲಿ ನಡೆದಷ್ಟೇ ಗಂಭೀರವಾಗಿ ವೇದಿಕೆಯ ಮೇಲೂ ನಡೆದವು ಎಂಬುದು. ಅಲ್ಲಿ ಊಹೆಯೊಂದು ನಾದವಾಗಿ ಕೇಳಿಸಿಕೊಂಡು ತನ್ನ ಬಲಾಬಲಗಳನ್ನು ತೋರಿಸಬೇಕಾಗುತ್ತದೆ.

೬

ಈ ಇಡೀ ಚಳವಳಿಯ ವಿರುದ್ಧ ಗಂಭೀರ ಆಕ್ಷೇಪಗಳಿವೆ. ಅಡೋರ್ನೊ ೧೯೫೧ರಲ್ಲಿಯೇ ಬಾಖ್‌ನನ್ನು ಆತನ ಭಕ್ತರಿಂದ ರಕ್ಷಿಸಬೇಕಾಗಿದೆ ಎಂಬ ನಿಲುವಿನ ಪ್ರಬಂಧ ಬರೆದರು. ಚಾರಿತ್ರಿಕ ನಿಷ್ಠೆಯ ಹೆಸರಿನಲ್ಲಿ ಕೃತಿಯನ್ನು ವಸ್ತುಸಂಗ್ರಹಾಲಯದ ವಸ್ತುವಾಗಿಸಲಾಗುತ್ತಿದೆ ಎಂಬುದು ಅದರ ಧಾಟಿ. ರಿಚರ್ಡ್ ಟರುಸ್ಕಿನ್ ಇನ್ನೂ ಹರಿತವಾದ ಪ್ರಶ್ನೆ ಕೇಳಿದರು. ೧೯೯೫ರಲ್ಲಿ ಗ್ರಂಥರೂಪಕ್ಕೆ ಬಂದ ಅವರ ಪ್ರಬಂಧಗಳ ವಾದವೆಂದರೆ, ಹದಿನೆಂಟನೆಯ ಶತಮಾನದ್ದೆಂದು ಹೇಳಿಕೊಳ್ಳುವ ಈ ಹಗುರ, ಚುರುಕು, ಭಾವಾತಿರೇಕವಿಲ್ಲದ ವಾದನಶೈಲಿ ನಿಜವಾಗಿ ಇಪ್ಪತ್ತನೆಯ ಶತಮಾನದ ಆಧುನಿಕತಾವಾದಿ ಅಭಿರುಚಿ. ಹಳೆಯದೆಂದು ಸಾರುತ್ತಿರುವುದು ನಮ್ಮದೇ ಮುಖ.

ಟರುಸ್ಕಿನ್ ಅವರ ಈ ವಿಮರ್ಶೆಯಲ್ಲಿ ಬಹಳಷ್ಟು ಸತ್ಯವಿದೆಯೆಂದು ನಾನು ಭಾವಿಸುತ್ತೇನೆ. ಆದರೆ ಅದು ಕಾನ್ಸೆಂಟುಸ್ ಮೂಸಿಕುಸ್ ಮಾಡಿದ ಕೆಲಸವನ್ನು ರದ್ದುಗೊಳಿಸುವುದಿಲ್ಲ. 'ಅಸಲಿ' ಎಂಬ ವಿಶೇಷಣದ ಬಗ್ಗೆ ಹಾರ್ನೊನ್‌ಕೂರ್ ಅವರಿಗೇ ಅನುಮಾನವಿತ್ತು. ಇದಕ್ಕೆ ಅವರ ಮಾತಿಗಿಂತ ಅವರ ಕೃತಿಯೇ ಸಾಕ್ಷಿ. ೧೯೭೦ರಲ್ಲಿ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಧ್ವನಿಮುದ್ರಿಸಿದಾಗ ಬಾಖ್‌ನ ಕಾಲದ ಚರ್ಚ್ ಪದ್ಧತಿಯನ್ನು ಅನುಸರಿಸಿ ಬಾಲಕರು ಮತ್ತು ಪುರುಷರಿಂದ ಮಾತ್ರ ಹಾಡಿಸಿದ್ದರು. ಮೂವತ್ತು ವರ್ಷಗಳ ತರುವಾಯ, ೨೦೦೦ರಲ್ಲಿ, ಅದೇ ವೃಂದದೊಡನೆ ಅದೇ ಕೃತಿಯನ್ನು ಮತ್ತೆ ಧ್ವನಿಮುದ್ರಿಸಿದಾಗ ಗಾಯಕಿಯರನ್ನು ಆರಿಸಿಕೊಂಡರು. ವಾದ್ಯಗಳು ಹಳೆಯವೇ ಆಗಿದ್ದವು, ಓದು ಬದಲಾಗಿತ್ತು. ಸಂಪಾದಕನೊಬ್ಬ ತನ್ನ ಆವೃತ್ತಿಯನ್ನು ಪರಿಷ್ಕರಿಸಿದರೆ ನಾವು ಅದನ್ನು ಸೋಲೆನ್ನುವುದಿಲ್ಲ. ಭೂತಕಾಲವನ್ನು ಇದ್ದ ಹಾಗೆಯೇ ಮರಳಿ ತರುವುದು ಅಸಾಧ್ಯ. ಕೇಳುವ ಕಿವಿ ಇಂದಿನದಾಗಿರುವ ವರೆಗೆ ಆ ಅಸಾಧ್ಯತೆ ನೀಗುವಂಥದ್ದಲ್ಲ. ಆದರೆ ಆ ಪ್ರಯತ್ನದ ದಾರಿಯಲ್ಲಿ ದೊರೆಯುವ ಅರಿವು ನಿಜವಾದುದು. ಮರದ ಕೊಳಲಿನ ದನಿ ಅಡಗಿಹೋಗುತ್ತಿದ್ದುದು ರಚನೆಯ ದೋಷದಿಂದಲ್ಲ ಎಂಬುದು ಇಂದಿನ ಅಭಿರುಚಿಯ ವಿಷಯವಲ್ಲ, ಪರೀಕ್ಷಿಸಬಹುದಾದ ಸಂಗತಿ.

೭

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳ ಸ್ಥಿತಿಯನ್ನು ಅವಲೋಕಿಸುವುದು ಅಗತ್ಯವಾಗುತ್ತದೆ. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತಾಗ ಅದರ ಫಲವನ್ನು ನಾವು ಮುಖ್ಯವಾಗಿ ಆವೃತ್ತಿ, ಅನುವಾದ, ವಿಚಾರಸಂಕಿರಣಗಳ ರೂಪದಲ್ಲಿ ಕಲ್ಪಿಸಿಕೊಂಡೆವು. ಅವು ಬೇಕಾದವೇ. ಆದರೆ ಸ್ನಾತಕೋತ್ತರ ತರಗತಿಯಲ್ಲಿ ಸಾಂಗತ್ಯದ ಲಕ್ಷಣವನ್ನು ನಿರೂಪಿಸಿ ಪೂರ್ಣ ಅಂಕ ಪಡೆಯುವ ವಿದ್ಯಾರ್ಥಿ ಒಂದು ಸಾಂಗತ್ಯ ಪದ್ಯವನ್ನು ಗಣದ ನಡೆ ಕೆಡದಂತೆ 'ಹಾಡಿ' ತೋರಿಸಬೇಕೆಂದು ನಾವು ಕೇಳುವುದಿಲ್ಲ. ಷಟ್ಪದಿಯ ಮಾತ್ರೆಗಳನ್ನು ಎಣಿಸಬಲ್ಲವನು ಅದರ ನಡೆಯನ್ನು ಕೇಳಿಸಬಲ್ಲನೇ ಎಂಬುದು ನಮ್ಮ ಮೌಲ್ಯಮಾಪನದ ಹೊರಗಿದೆ. ಪರಿಣಾಮ ಸಂಪಾದನೆಯ ಮೇಲೂ ಆಗುತ್ತದೆ. ಹಾಡಿನಲ್ಲಿ ಸರಿಹೋಗುವ ಅಂಶಗಣದ ಸಾಲು ಎಣಿಕೆಯಲ್ಲಿ ಕೊರತೆಯುಳ್ಳದ್ದಾಗಿ ಕಂಡಾಗ ಸಂಪಾದಕನ ಕೈ ತಿದ್ದುಪಡಿಗೆ ತುಡಿಯುತ್ತದೆ. ಲೈಪ್‌ಸಿಗ್‌ನ ಆರ್ಗನ್ ಪ್ರತಿಯನ್ನು ಉಳಿದ ಪ್ರತಿಗಳಿಗೆ ಸಮನಾಗಿ ಮೇಲೇರಿಸಿದಂತಹ 'ತಿದ್ದುಪಡಿ' ಅದು. ಛಂದಸ್ಸಿನಲ್ಲಿ ಗತಿಯ ಪ್ರಾಧಾನ್ಯವನ್ನು ಸೇಡಿಯಾಪು ಕೃಷ್ಣಭಟ್ಟರು ಎತ್ತಿ ಹೇಳಿದ ಮೇಲೂ ಆ ಒಳನೋಟ ನಮ್ಮ ತರಗತಿಗಳಲ್ಲಿ ದನಿಯಾಗಿಲ್ಲ.

ಹಾಗಾದರೆ ಗಮಕ ಪರಂಪರೆಯಿದೆಯಲ್ಲ, ದಾಸರ ಪದಗಳನ್ನು, ವಚನಗಳನ್ನು ಹಾಡುತ್ತಿದ್ದೇವಲ್ಲ ಎಂಬ ಮಾತು ಬರಬಹುದು. ಇಲ್ಲಿಯೇ ಟರುಸ್ಕಿನ್ ಅವರ ಎಚ್ಚರಿಕೆ ನಮ್ಮ ನೆರವಿಗೆ ಬರಬೇಕು. ಇಂದು ನಾವು ಕೇಳುವ ಸಭಾಗಮಕದ ರೂಪ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ ನೆಲೆಗೊಂಡುದು. ಕರ್ನಾಟಕ ಅಥವಾ ಹಿಂದುಸ್ತಾನಿ ರಾಗಗಳಲ್ಲಿ ವಚನಗಳನ್ನು ಕಚೇರಿಯ ವೇದಿಕೆಯಲ್ಲಿ ಹಾಡುವ ಕ್ರಮವೂ ಈಚಿನದು. ಇವು ಸುಂದರವಾಗಿವೆ, ಸಜೀವವಾಗಿವೆ. ಆದರೆ ಹನ್ನೆರಡನೆಯ ಅಥವಾ ಹದಿನೈದನೆಯ ಶತಮಾನದ ನಾದವೆಂದು ಭಾವಿಸಿ ಅವನ್ನು ಸಾಕ್ಷ್ಯವಾಗಿ ಬಳಸಿದರೆ ಬಾಖ್‌ನ ಪುಟದಲ್ಲಿ ಬ್ರಾಮ್ಸ್‌ನನ್ನು ಕೇಳಿದಂತಾಗುತ್ತದೆ. ಪರಂಪರೆಯೆಂಬುದು ಸಾಕ್ಷ್ಯ ಹೌದು. ಆದರೆ ಹಸ್ತಪ್ರತಿಯಂತೆ ಅದಕ್ಕೂ ಕಾಲ, ಮೂಲ, ಶಾಖೆ, ತಿದ್ದುಪಡಿಗಳಿರುತ್ತವೆ, ಅವನ್ನು ಶೋಧಿಸಬೇಕು.

ಆದ್ದರಿಂದ ಮೂರು ಸೂಚನೆಗಳನ್ನು ವಿದ್ವಾಂಸರ ಪರಿಶೀಲನೆಗೆ ಮುಂದಿಡುತ್ತೇನೆ. ಹಾಡುಗಬ್ಬಗಳ ಹೊಸ ಆವೃತ್ತಿಗಳು ಮುದ್ರಿತ ಪಾಠದೊಡನೆ ಕೆಲವು ಭಾಗಗಳ ಧ್ವನಿಮುದ್ರಣವನ್ನೂ, ಆ ಓದು ಯಾವ ಶಾಸ್ತ್ರೋಕ್ತಿ ಅಥವಾ ಯಾವ ಪರಂಪರೆಯನ್ನು ಆಧರಿಸಿದೆಯೆಂಬ ವಿವರಣೆಯನ್ನೂ ಒಳಗೊಳ್ಳಬೇಕು. ತಟ್ಟೆಯೊಡನೆ ಸ್ವರಲಿಪಿಯನ್ನು ಕೊಟ್ಟ ಕ್ರಮದ ಇನ್ನೊಂದು ಮುಖ ಇದು. ಎರಡನೆಯದಾಗಿ, ತ್ರಿಪದಿ, ಸಾಂಗತ್ಯ, ಷಟ್ಪದಿಗಳನ್ನು ಹಾಡುವ, ಓದುವ ಇಂದಿನ ಪರಂಪರೆಗಳನ್ನು ಪ್ರದೇಶವಾರು ದಾಖಲಿಸುವಾಗ ಯಾರಿಂದ ಯಾರು ಕಲಿತರೆಂಬ ವಂಶವೃಕ್ಷವನ್ನೂ ಹಸ್ತಪ್ರತಿಗಳ ವಂಶವೃಕ್ಷದಂತೆಯೇ ರಚಿಸಬೇಕು. ಮೂರನೆಯದಾಗಿ, ಛಂದಸ್ಸಿನ ಪತ್ರಿಕೆಯಲ್ಲಿ ಮೌಖಿಕ ಪರೀಕ್ಷೆಯೊಂದು ಇರಬೇಕು. ಹಾರ್ನೊನ್‌ಕೂರ್ ೧೯೭೩ರಿಂದ ೧೯೯೩ರ ವರೆಗೆ ಸಾಲ್ಜ್‌ಬುರ್ಗಿನ ಮೊಟ್ಸಾರ್ಟೇಯುಮ್ ಸಂಸ್ಥೆಯಲ್ಲಿ ಪ್ರಯೋಗಕ್ರಮವನ್ನೇ ಒಂದು ವಿಷಯವಾಗಿ ಬೋಧಿಸಿದರು. ಅಧ್ಯಯನಕ್ರಮದೊಳಗೆ ಅದಕ್ಕೆ ಸ್ಥಾನವಿದ್ದುದರಿಂದಲೇ ಮುಂದಿನ ತಲೆಮಾರು ಸಿದ್ಧವಾಯಿತು.

ಹಾರ್ನೊನ್‌ಕೂರ್ ೨೦೧೫ರ ಡಿಸೆಂಬರಿನಲ್ಲಿ ವೇದಿಕೆಯಿಂದ ನಿವೃತ್ತರಾಗಿ ೨೦೧೬ರ ಮಾರ್ಚಿಯಲ್ಲಿ ನಿಧನರಾದರು. ಆಲಿಸ್ ೨೦೨೨ರಲ್ಲಿ ತೀರಿಕೊಂಡರು. ವೃಂದದ ಮುಂದಾಳ್ತನ ಸ್ಟೆಫಾನ್ ಗಾಟ್‌ಫ್ರೀಡ್ ಮೊದಲಾದ ಸದಸ್ಯರಿಗೆ ಬಂದಿತು. ಸ್ಥಾಪಕರು ಹೋದ ಮೇಲೂ ಆ ಕೆಲಸ ಮುಂದುವರಿಯಲು ಸಾಧ್ಯವಾದುದಕ್ಕೆ ಕಾರಣ, ಅದು ವ್ಯಕ್ತಿಯೊಬ್ಬರ ಪ್ರತಿಭೆಯಾಗಿ ಉಳಿಯದೆ ಕಲಿಸಬಹುದಾದ, ಪ್ರಶ್ನಿಸಬಹುದಾದ, ತಿದ್ದಬಹುದಾದ ವಿಧಾನವಾಗಿ ಬೆಳೆದದ್ದು. ನಮ್ಮಲ್ಲಿ ಹಳಗನ್ನಡವನ್ನು ಸೊಗಸಾಗಿ, ಖಚಿತವಾಗಿ ಗಟ್ಟಿಯಾಗಿ ಓದಬಲ್ಲ ಹಿರಿಯ ಅಧ್ಯಾಪಕರು ಇನ್ನೂ ಇದ್ದಾರೆ. ಅವರ ಓದು ಅವರೊಂದಿಗೆ ಮುಗಿದುಹೋಗುವ ವೈಯಕ್ತಿಕ ಸಿದ್ಧಿಯಾಗಿ ಉಳಿಯಬೇಕೇ, ವಿಭಾಗಗಳು ಮುಂದಿನವರಿಗೆ ದಾಟಿಸುವ ಶಾಸ್ತ್ರವಾಗಬೇಕೇ ಎಂಬುದನ್ನು ನಿರ್ಧರಿಸುವ ಕಾಲಾವಕಾಶ ಬಹಳ ಉಳಿದಿಲ್ಲ. ಈ ಕುರಿತು ವಿದ್ವಾಂಸರು ಚರ್ಚೆಯನ್ನು ಮುಂದುವರಿಸುವರೆಂದು ಆಶಿಸುತ್ತೇನೆ.